ಹಿಂದಿನ ಗೇಟು ಮುಚ್ಚಿಸಿದ ವೇದವತಿ

ಪಶ್ಚಿಮ ಲಂಡನ್ನಿನ ಹೇಸ್‌ನ ಆ ಪ್ರೈಮರಿ ಶಾಲೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅಲ್ಲಿ ಈಗಲೂ ನಾನೂರು ಮಕ್ಕಳು ಓದುತ್ತಿದ್ದಾರೆ, ಅವರಲ್ಲಿ ನನ್ನ ಮಗಳು ಸೃಷ್ಟಿಯೂ ಒಬ್ಬಳು. ಮಕ್ಕಳು ಮಾಡದ ತಪ್ಪಿಗೆ ಅವರ ಶಾಲೆಯ ಹೆಸರು ಕೆಡುವುದು ಬೇಡ. ಆದರೆ ಅಲ್ಲಿ ನಡೆದದ್ದನ್ನು ಮುಚ್ಚಿಡಲಾರೆ. ನಡೆಸಿದವರಲ್ಲಿ ನಮ್ಮ ಕನ್ನಡದವರೂ ಇದ್ದರು. ಅದು ಸರಿಯೆಂದು ಸಹಿ ಹಾಕಿದವರಲ್ಲಿ ನಾನೂ ಇದ್ದೆ. ಅದನ್ನು ನಿಲ್ಲಿಸಿದ್ದು ಮಾತ್ರ ಅದೇ ಶಾಲೆಯಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ, ಅರವತ್ತು ದಾಟಿದ ಒಬ್ಬ ಹೆಂಗಸು. ಹೆಸರು ವೇದವತಿ ಹುಯಿಲಗೋಳ.

ವೇದವತಿಯವರು ಧಾರವಾಡದ ಕಡೆಯವರು. ಅಪ್ಪ ಅಣ್ಣಿಗೇರಿ ಹತ್ತಿರದ ಒಂದು ಹಳ್ಳಿಯಲ್ಲಿ ಶಾಲಾ ಮಾಸ್ತರರು. ಗಂಡ ಜಗನ್ನಾಥ ಅರಿವಳಿಕೆ ಡಾಕ್ಟರು. ೧೯೮೫ರಲ್ಲಿ ಇಬ್ಬರೂ ಲಂಡನ್ನಿಗೆ ಬಂದು ಕ್ರೋಯ್ಡನ್‌ನಲ್ಲಿ ಮನೆ ಮಾಡಿದರು. ಅದೇ ವರ್ಷ ಮಗಳು ಪ್ರತೀಕ್ಷಾ ಹುಟ್ಟಿದಳು.

ಮಗಳಿಗೆ ಐದು ತುಂಬಿ ಶಾಲೆಗೆ ಸೇರಿಸಿದಾಗ ವೇದವತಿಯವರ ಮೊದಲ ಜಗಳ ಶುರುವಾಯಿತು. ಹೆಸರು ನೋಡಿದ ಕೂಡಲೇ ಶಾಲೆಯವರು ಪ್ರತೀಕ್ಷಾಳನ್ನು ವ್ಯಾನು ಹತ್ತಿಸಿ ಎರಡು ಮೈಲಿ ದೂರದ 'ಭಾಷಾ ಕೇಂದ್ರ'ಕ್ಕೆ ಕಳಿಸತೊಡಗಿದರು. ಅಲ್ಲಿ ಇದ್ದ ಮಕ್ಕಳಲ್ಲಿ ಬಿಳಿಯರು ಒಬ್ಬರೂ ಇಲ್ಲ. ಕ್ರೋಯ್ಡನ್‌ನಲ್ಲೇ ಹುಟ್ಟಿ, ಟಿವಿ ನೋಡುತ್ತಲೇ ಬೆಳೆದ ಹುಡುಗಿಗೆ ಅಲ್ಲಿ 'ಇದು ಬಾಗಿಲು, ಇದು ಕಿಟಕಿ' ಎಂದು ಇಂಗ್ಲಿಷ್ ಕಲಿಸುತ್ತಿದ್ದರು.

"ಸುಮ್ಮನಿರು, ಗದ್ದಲ ಎಬ್ಬಿಸಬ್ಯಾಡ. ನಂದು ಇನ್ನೂ ಪರ್ಮನೆಂಟ್ ಆಗಿಲ್ಲ" ಎಂದರಂತೆ ಜಗನ್ನಾಥ.

"ನಿಮ್ಮ ನೌಕರಿ ನೀವು ನೋಡ್ಕೋರಿ, ನನ್ನ ಮಗಳನ್ನ ನಾ ನೋಡ್ಕೋತೀನಿ" ಎಂದು ವೇದವತಿ ಮರುದಿನ ಬೆಳಿಗ್ಗೆ ಶಾಲೆಗೆ ಹೋಗಿ, ತರಗತಿಯ ಹೊರಗಿನ ಕಾರಿಡಾರಿನಲ್ಲಿ ಮಕ್ಕಳು ಕೂರುವ ಪುಟ್ಟ ಕುರ್ಚಿಯ ಮೇಲೆ ಕುಳಿತರು. ಮಗಳನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಯಾರೊಂದಿಗೂ ಕೂಗಾಡಲಿಲ್ಲ. ಕೇಳಿದವರಿಗೆಲ್ಲ ಒಂದೇ ಮಾತು: "ಇವಳನ್ನು ಒಳಗೆ ಕರೆಯುವವರೆಗೆ ಇಲ್ಲೇ ಇರುತ್ತೇವೆ." ಒಂಬತ್ತು ದಿನ ಹಾಗೆ ಕುಳಿತರು. ಹತ್ತನೆಯ ದಿನ ತರಗತಿಯ ಟೀಚರೇ ನೋಡಲಾಗದೆ ಹೊರಗೆ ಬಂದು ಪ್ರತೀಕ್ಷಾಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.

ಆ ಸುದ್ದಿ ಹಬ್ಬಿತು. ತಮ್ಮ ಮಕ್ಕಳನ್ನೂ ವ್ಯಾನು ಹತ್ತಿಸುತ್ತಿದ್ದಾರೆಂದು ಗುಜರಾತಿ, ತಮಿಳು, ಸೊಮಾಲಿ ತಾಯಂದಿರು ಹುಡುಕಿಕೊಂಡು ಬಂದರು. ಅಲ್ಲಿಂದ ಮುಂದೆ ಇಪ್ಪತ್ತೇಳು ವರ್ಷ, ಪ್ರತಿ ಶನಿವಾರ, ಲೈಬ್ರರಿಯ ಒಂದು ಮೂಲೆಯ ಮೇಜಿನಲ್ಲಿ ಕುಳಿತು ವೇದವತಿ ಪತ್ರ ಬರೆದುಕೊಟ್ಟರು. ಸೀಟು ಕೊಡದ ಶಾಲೆಗೆ, ಮಗುವನ್ನು ಕಾರಣವಿಲ್ಲದೆ ಹೊರಗೆ ಹಾಕಿದ ಶಾಲೆಗೆ, ಕಪ್ಪು ಹುಡುಗರನ್ನೆಲ್ಲ ದಡ್ಡರೆಂದು ತರಗತಿಯ ಕೊನೆಯ ಗುಂಪಿಗೆ ತಳ್ಳಿದ ಶಾಲೆಗೆ. ಕೆಲವು ಜಗಳ ಗೆದ್ದರು, ಬಹಳಷ್ಟು ಸೋತರು. ಯಾವ ಪತ್ರಿಕೆಯಲ್ಲೂ ಅವರ ಹೆಸರು ಬರಲಿಲ್ಲ.

ಜಗನ್ನಾಥರು ನಿವೃತ್ತರಾದ ಮೇಲೆ, ಅವರ ತಂಗಿಯ ಮನೆಗೆ ಹತ್ತಿರವಾಗಲೆಂದು ಹೇಸ್‌ಗೆ ಬಂದರು. ಸುಮ್ಮನೆ ಕೂರಲಾಗದೆ ವೇದವತಿ ಶಾಲೆಯಲ್ಲಿ ಊಟದ ಹೊತ್ತಿನ ಕೆಲಸ ಹಿಡಿದರು. "ಕನ್ಸಲ್ಟಂಟ್ ಡಾಕ್ಟರ ಹೆಂಡತಿ ಶಾಲೆಯಲ್ಲಿ ತಟ್ಟೆ ಎತ್ತುತ್ತಾಳಂತೆ" ಎಂದು ನಮ್ಮ ಕನ್ನಡ ಕೂಟದ ಡಾಕ್ಟರ ಮನೆಯವರು ಆಡಿಕೊಂಡರು. ಅದು ಅವರ ಕಿವಿಗೆ ಬಿದ್ದಾಗ, "ಹೌದ್ರಿ, ಎತ್ತತೀನಿ. ತಟ್ಟಿ ಎತ್ತೋರಿಗೆ ಮಕ್ಕಳು ಏನು ತಿಂದ್ರು, ಏನು ಬಿಟ್ರು ಎಲ್ಲಾ ಗೊತ್ತಾಗತದ" ಎಂದರು.

೨೦೨೧ರ ಸೆಪ್ಟೆಂಬರಿನಲ್ಲಿ ಶಾಲೆ 'ವೆಲ್‌ಕಮ್ ಕ್ಲಾಸ್' ಎಂಬ ಹೊಸ ತರಗತಿಯೊಂದನ್ನು ತೆರೆಯಿತು. ಹೊಸದಾಗಿ ಬಂದ, ಇಂಗ್ಲಿಷ್ ಬಾರದ ಮಕ್ಕಳು ನಿಧಾನಕ್ಕೆ ಹೊಂದಿಕೊಳ್ಳಲಿ ಎಂದು. ಹೇಳಲಿಕ್ಕೆ ಎಷ್ಟು ಚೆನ್ನಾಗಿದೆ! ಆಟದ ಮೈದಾನದ ಹಿಂದೆ, ಕಸದ ಡಬ್ಬಿಗಳ ಪಕ್ಕದಲ್ಲಿ, ಕಬ್ಬಿಣದ ತಾತ್ಕಾಲಿಕ ಕೊಠಡಿ. ಏಳರಿಂದ ಹತ್ತು ವರ್ಷದ ಇಪ್ಪತ್ತಮೂರು ಮಕ್ಕಳು ಅಲ್ಲಿ ಒಟ್ಟಿಗೆ. ಅವರು ಬರುವುದು ಹೋಗುವುದು ಹಿಂದಿನ ಗೇಟಿನಿಂದ, ಕಸದ ಲಾರಿ ಬರುವ ಗೇಟು ಅದು. ಅವರ ಆಟದ ಹೊತ್ತು ಬೇರೆ. ಊಟ ಎಲ್ಲರದೂ ಮುಗಿದ ಮೇಲೆ, ಒಂದೂ ಇಪ್ಪತ್ತಕ್ಕೆ, ಉಳಿದಿದ್ದರಲ್ಲಿ.

ಯಾರ ಮಕ್ಕಳು ಅವರು? ಹೀಥ್ರೂ ವಿಮಾನ ನಿಲ್ದಾಣದ ಸುತ್ತಲಿನ ಗೋದಾಮುಗಳಲ್ಲಿ ಪೆಟ್ಟಿಗೆ ಹೊರುವವರ ಮಕ್ಕಳು. ಆಶ್ರಯ ಕೇಳಿ ಬಂದು ಹೋಟೆಲ್ ರೂಮುಗಳಲ್ಲಿ ದಿನ ಕಳೆಯುವವರ ಮಕ್ಕಳು. ಒಂದು ಮನೆಯನ್ನು ಮೂರು ಸಂಸಾರ ಹಂಚಿಕೊಂಡು ಬಾಡಿಗೆಗಿರುವವರ ಮಕ್ಕಳು.

ಅವರಿಗೆ ಊಟದ ಹೊತ್ತಿನಲ್ಲಿ ಮೇಲ್ವಿಚಾರಣೆ ವೇದವತಿಯವರದ್ದು. ಮೊದಲ ವಾರ ಅವರು ಮಕ್ಕಳ ಮಾತು ಕೇಳಿಸಿಕೊಂಡರು. ಎರಡನೆಯ ವಾರಕ್ಕೆ ಅನುಮಾನ ಬಂತು. ಇಂಗ್ಲಿಷ್ ಬಾರದು ಎಂದ ಮಕ್ಕಳು ಇಂಗ್ಲಿಷಿನಲ್ಲೇ ಬೈದಾಡಿಕೊಳ್ಳುತ್ತಿದ್ದರು, ಇಂಗ್ಲಿಷಿನಲ್ಲೇ ಫುಟ್‌ಬಾಲಿನ ಬಗ್ಗೆ ವಾದ ಮಾಡುತ್ತಿದ್ದರು. ದೀಪಾವಳಿಯ ಹೊತ್ತಿಗೆ ಪ್ರಾಚಿ ಎಂಬ ಏಳು ವರ್ಷದ ಹುಡುಗಿ ಬಂದಳು. ತಾಯಿ ಮೀರಾ ಬೀದರ್ ಕಡೆಯವರು, ಪಾರ್ಕ್ ರಾಯಲ್‌ನ ಚಪಾತಿ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ. ಪ್ರಾಚಿ ಊಟ ಮುಗಿಸಿ ಲೈಬ್ರರಿಯ ದಪ್ಪ ಪುಸ್ತಕ ತೆರೆದು ಓದುತ್ತಾ ಕೂತಿದ್ದನ್ನು ನೋಡಿ ವೇದವತಿ ಪಕ್ಕದಲ್ಲಿ ಕುಳಿತರು.

"ಯಾವಾಗ ಬಂದೀರಿ ಪುಟ್ಟಿ ಈ ದೇಶಕ್ಕ?"

"ವೆನ್ ಐ ವಾಸ್ ತ್ರೀ" ಎಂದಳು ಹುಡುಗಿ, ಪುಸ್ತಕದಿಂದ ತಲೆ ಎತ್ತದೆ. ಮೊದಲು ಬೇರೆ ಕಡೆ ಇದ್ದರು, ಅಲ್ಲಿಯ ಶಾಲೆಯಲ್ಲಿ ಎರಡು ವರ್ಷ ಓದಿದ್ದಳು. ಮನೆ ಬದಲಾಯಿಸಿದ್ದರಿಂದ ಇಲ್ಲಿಗೆ ಬಂದಿದ್ದಳು. ಇಲ್ಲಿ ಏನು ಕಲಿಸುತ್ತಾರೆಂದು ಕೇಳಿದರೆ ಪ್ರಾಚಿ ಭುಜ ಕುಣಿಸಿದಳು. "ಕಲರಿಂಗ್. ಅಂಡ್ ಫ್ಲ್ಯಾಶ್ ಕಾರ್ಡ್ಸ್. ಐ ನೋ ಆಲ್ ಆಫ್ ದೆಮ್, ಆಂಟಿ."

ಅಂದೇ ವೇದವತಿ ಹೆಡ್‌ಟೀಚರ್ ಕೋಣೆಗೆ ಹೋದರು. ಹೆಡ್‌ಟೀಚರ್ ನಗುತ್ತಲೇ ಮಾತಾಡಿದರು. ಮಕ್ಕಳಿಗೆ ಒಳ್ಳೆಯದಾಗಲೆಂದೇ ಇದು, ಅಷ್ಟಕ್ಕೂ ಊಟದ ಮೇಲ್ವಿಚಾರಕರಿಗೆ ಪಾಠದ ವಿಷಯ ಏಕೆ ಎಂದರು. ವೇದವತಿ ಎರಡು ಪತ್ರ ಬರೆದರು. ಮೂರನೆಯದಕ್ಕೆ ಉತ್ತರವಾಗಿ ಬಂದದ್ದು ನೋಟಿಸು: ಮಕ್ಕಳನ್ನು ವಿಚಾರಣೆ ಮಾಡಿ ಅವರಲ್ಲಿ ಆತಂಕ ಹುಟ್ಟಿಸಿದ್ದಾರೆ, ಈಸ್ಟರ್ ನಂತರ ಅವರ ಕೆಲಸ ಮುಂದುವರಿಯುವುದಿಲ್ಲ. ಒಂದು ಮಗುವಿನ ಪಕ್ಕ ಕುಳಿತು ಇಲ್ಲಿ ನಿನಗೆ ಏನು ಕಲಿಸುತ್ತಾರೆ ಎಂದು ಕೇಳಿದ್ದು ವಿಚಾರಣೆಯಂತೆ!

ಕೆಲಸ ಹೋದ ಮರುದಿನದಿಂದ ಅವರು ಹಿಂದಿನ ಗೇಟಿನ ಹೊರಗೆ, ಫುಟ್‌ಪಾತಿನ ಮೇಲೆ ನಿಂತರು. ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತರ ತನಕ. ಮಕ್ಕಳನ್ನು ಬಿಡಲು ಬರುವ ತಾಯಿ ತಂದೆಯರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿ, ಮಗು ಎಲ್ಲಿ ಹುಟ್ಟಿದ್ದು, ಯಾವಾಗ ಸೇರಿದ್ದು, ಭಾಷೆಯ ಪರೀಕ್ಷೆ ಯಾರಾದರೂ ಮಾಡಿದರೇ ಎಂದು ಕೇಳಿದರು. ಎಷ್ಟೋ ಜನ ಹೆದರಿ ಮುಖ ತಿರುಗಿಸಿಕೊಂಡು ಹೋದರು. ವೀಸಾಗೆ ತೊಂದರೆಯಾದೀತೆಂಬ ಭಯ ಅವರದ್ದು. ಮೀರಾ ಕೂಡ ಮೊದಲು ಹಾಗೇ ಹೋದರು. ಒಂದು ವಾರದ ನಂತರ ತಾವೇ ನಿಂತರು.

"ಅಕ್ಕೋರ, ನಾ ಓದಿದಾಕಿ ಅಲ್ಲ. ಪೋರಿ ಮನಿಗೆ ಬಂದು 'ಮಮ್ಮಿ, ನಾ ದಡ್ಡಿ ಏನು?' ಅಂತ ಕೇಳ್ತದ. ನಾ ಏನಂತ ಹೇಳ್ಲಿ?"

"ಆಕಿ ದಡ್ಡಿ ಅಲ್ಲ ಅಂತ ಹೇಳ್ರಿ. ಉಳಿದದ್ದು ನಾವಿಬ್ಬರೂ ಕೂಡಿ ಶಾಲಿಗೆ ಹೇಳೋಣ."

ಈಗ ನನ್ನ ವಿಷಯ. ನಾನು ಸಿರಿಶಾ, ಬೆಂಗಳೂರಿನವಳು, ಸಾಫ್ಟ್‌ವೇರ್ ಕೆಲಸ. ಶಾಲೆಯ ಗವರ್ನರುಗಳಲ್ಲಿ, ಅಂದರೆ ಆಡಳಿತ ಮಂಡಳಿಯವರಲ್ಲಿ, ಮಧುಸೂದನ್ ಎಂಬ ಮೈಸೂರಿನವರು ಒಬ್ಬರಿದ್ದರು. ಕನ್ನಡ ಕೂಟದಲ್ಲೂ ಪದಾಧಿಕಾರಿ. ವೇದವತಿ ಗೇಟಿನಲ್ಲಿ ನಿಲ್ಲತೊಡಗಿದ ಮೇಲೆ ಅವರು ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಪತ್ರ ಹಾಕಿದರು: ಹೆಡ್‌ಟೀಚರಿಗೆ ನಮ್ಮ ಸಂಪೂರ್ಣ ಬೆಂಬಲವಿದೆ, ಶಾಲೆಯ ಶಾಂತಿ ಕೆಡಿಸುವವರನ್ನು ದೂರವಿಡಿ. ಎಪ್ಪತ್ತು ಜನ ಸಹಿ ಹಾಕಿದರು. ನಾನು ಆಫೀಸಿನ ಮೀಟಿಂಗಿನ ನಡುವೆ, ಪೂರ್ತಿ ಓದದೆಯೇ, ಹೆಸರು ಸೇರಿಸಿದೆ. ಓದಿದ್ದರೂ ಸೇರಿಸುತ್ತಿದ್ದೆ ಎಂಬುದು ನಿಜ. ನಮ್ಮ ಮಕ್ಕಳ ತರಗತಿ ಚಿಕ್ಕದಾಗಿತ್ತು, ಫಲಿತಾಂಶ ಚೆನ್ನಾಗಿತ್ತು. ಹಿಂದಿನ ಕೊಠಡಿಯಲ್ಲಿ ಯಾರಿದ್ದಾರೆಂದು ನಾನು ಕೇಳಿರಲಿಲ್ಲ.

ಅವರು ಗೇಟಿನಲ್ಲಿ ನಿಲ್ಲತೊಡಗಿ ಒಂದು ವರ್ಷ ದಾಟಿತ್ತು. ೨೦೨೩ರ ಬೇಸಿಗೆಯಲ್ಲಿ, ಒಂದು ಭಾನುವಾರ ಮಧ್ಯಾಹ್ನ, ವೇದವತಿ ನಮ್ಮ ಫ್ಲ್ಯಾಟಿನ ಬೆಲ್ ಒತ್ತಿದರು. ಸಹಿ ಹಾಕಿದವರ ಮನೆಮನೆಗೂ ಹೋಗುತ್ತಿದ್ದಾರೆಂದು ಗೊತ್ತಿತ್ತು. ಜಗಳಕ್ಕೆ ಸಿದ್ಧಳಾಗಿಯೇ ಬಾಗಿಲು ತೆರೆದೆ.

"ಒಂದೇ ಪ್ರಶ್ನೆ ಕೇಳಿ ಹೋಗ್ತೀನಿ. ನಿಮ್ಮ ಸೃಷ್ಟಿ ಶಾಲಿಗೆ ಯಾವಾಗ ಸೇರಿದ್ಲು?"

"ಎರಡು ಸಾವಿರದ ಇಪ್ಪತ್ತೊಂದು, ನವೆಂಬರ್ ಮೊದಲನೇ ವಾರ. ಬೆಂಗಳೂರಿಂದ ಬಂದ ತಕ್ಷಣ. ಯಾಕೆ ಆಂಟಿ?"

"ಆಗ ಆಕಿಗೆ ಇಂಗ್ಲಿಷ್ ಬರ್ತಿತ್ತೇನು?"

"ಅಷ್ಟೇನ್ ಬರ್ತಿರ್ಲಿಲ್ಲ. ಮನೇಲೆಲ್ಲಾ ಕನ್ನಡಾನೇ. ಮೂರು ತಿಂಗಳು ಕ್ಲಾಸಲ್ಲಿ ಬಾಯೇ ಬಿಟ್ಟಿರ್ಲಿಲ್ಲ."

"ವೆಲ್‌ಕಮ್ ಕ್ಲಾಸಿಗೆ ಹಾಕಿದ್ರೇನು?"

ಸೃಷ್ಟಿಯನ್ನು ನೇರ ದೊಡ್ಡ ಕಟ್ಟಡದ ತರಗತಿಗೇ ಸೇರಿಸಿದ್ದರು.

ವೇದವತಿ ಕೈಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು. ಪ್ರಾಚಿಯ ಪ್ರವೇಶ ಪತ್ರ. ಅದೇ ನವೆಂಬರ್, ಅದೇ ವಾರ. ಸೃಷ್ಟಿಗಿಂತ ಹನ್ನೊಂದು ದಿನ ದೊಡ್ಡವಳು. ಅವಳೂ ಕನ್ನಡದ ಮನೆಯ ಹುಡುಗಿ. ಈ ದೇಶದಲ್ಲಿ ಆಗಲೇ ನಾಲ್ಕು ವರ್ಷ ಕಳೆದವಳು, ಇಂಗ್ಲಿಷ್ ಓದಬಲ್ಲವಳು.

"ಇಂಗ್ಲಿಷ್ ಬಾರದ ನಿಮ್ಮ ಮಗಳು ಮುಂದಿನ ಗೇಟಿನಾಗ, ಇಂಗ್ಲಿಷ್ ಬರೋ ಮೀರಾನ ಮಗಳು ಹಿಂದಿನ ಗೇಟಿನಾಗ. ಇದು ಭಾಷಾದ ಮಾತೇನು? ನೀವೇ ಹೇಳ್ರಿ."

ನನಗೆ ಸಿಟ್ಟು ಬಂತು. ಮೊದಲು ಅವರ ಮೇಲೆ, ಆಮೇಲೆ ನನ್ನ ಮೇಲೆ. ಚಹಾ ಮಾಡುವ ನೆಪದಲ್ಲಿ ಎದ್ದು ಹೋದೆ. ವಾಪಸು ಬಂದಾಗ ಅವರು ತಮ್ಮ ಅಪ್ಪನ ಶಾಲೆಯ ಬಗ್ಗೆ ಹೇಳಿದರು. ಅಲ್ಲಿ ಕೇರಿಯ ಮಕ್ಕಳು ಒಳಗೆ ಬರುವಂತಿರಲಿಲ್ಲ, ಹೊರಗಿನ ಕಟ್ಟೆಯ ಮೇಲೆ ಕೂರಬೇಕಿತ್ತು. ದ್ಯಾಮವ್ವ ಎಂಬ ಹುಡುಗಿ ಕಿಟಕಿಯ ಸರಳು ಹಿಡಿದು ನಿಂತು, ಒಳಗೆ ಅಪ್ಪ ಕೇಳಿದ ಲೆಕ್ಕಕ್ಕೆ ಎಲ್ಲರಿಗಿಂತ ಮೊದಲು ಉತ್ತರ ಹೇಳುತ್ತಿದ್ದಳಂತೆ. ಅಪ್ಪ ಕೇಳಿಸದವರಂತೆ ಇದ್ದು, ಅದೇ ಉತ್ತರವನ್ನು ಒಳಗಿದ್ದ ಮಗಳ ಬಾಯಿಂದ ಹೇಳಿಸಿ, "ಶಾಬಾಸ್" ಎನ್ನುತ್ತಿದ್ದರಂತೆ.

"ನಮ್ಮಪ್ಪ ಯಾರಿಗೂ ಕೈ ಎತ್ತಿದವರಲ್ಲ. ಊರಾಗ ಎಲ್ಲರೂ ದೇವರಂಥ ಮಾಸ್ತರು ಅಂತಿದ್ರು" ಎಂದರು ವೇದವತಿ. ಅವರ ದನಿ ಗಡುಸಾಗಿತ್ತು. "ಆ ಶಾಬಾಸ್ ನಾ ತಗೊಂಡೀನಿ. ಎಂಟು ವರ್ಷದಾಕಿ ಇದ್ದೆ, ಆದ್ರೂ ನಂದಲ್ಲ ಅಂತ ಗೊತ್ತಿತ್ತು. ಬಾಯಿ ಬಿಡಲಿಲ್ಲ. ದ್ಯಾಮವ್ವ ಮರುವರ್ಷ ಶಾಲಿಗೆ ಬರಲಿಲ್ಲ."

ಅವರು ಹೋದ ಮೇಲೆ ಹಳೆಯ ಮೆಸೇಜುಗಳನ್ನು ಹುಡುಕಿದೆ. ಸೃಷ್ಟಿಯನ್ನು ಸೇರಿಸುವ ಮುಂಚೆ ಮಧುಸೂದನ್ ನನಗೆ ಬರೆದದ್ದು ಸಿಕ್ಕಿತು. "ಹೆಡ್ ಹತ್ರ ಮಾತಾಡಿದೀನಿ, ಸೃಷ್ಟಿ ಮೇನ್ ಕ್ಲಾಸಿಗೇ ಬರ್ತಾಳೆ. ರಿಸಲ್ಟ್ ಎಳೆಯೋ ಮಕ್ಕಳನ್ನೆಲ್ಲ ಹಿಂದಿನ ರೂಮಿಗೆ ಹಾಕ್ತಿದೀವಿ. ನಮ್ಮಂಥ ಫ್ಯಾಮಿಲಿಗಳು ಯೋಚನೆ ಮಾಡೋ ಹಾಗೇ ಇಲ್ಲ." ಅದಕ್ಕೆ ನಾನು ಕಳಿಸಿದ್ದ ಉತ್ತರ: "ಥ್ಯಾಂಕ್ಯೂ ಸರ್!" ಜೊತೆಗೆ ಕೈ ಮುಗಿಯುವ ಚಿತ್ರ.

ಅದೆಲ್ಲವನ್ನೂ, ನನ್ನ ಉತ್ತರವೂ ಸೇರಿದಂತೆ, ವೇದವತಿಯವರಿಗೆ ಕಳಿಸಿದೆ.

ಅಷ್ಟರಲ್ಲಿ ಅವರು ಶಾಲೆಗೆ ಮಾಹಿತಿ ಕೇಳಿ ಅರ್ಜಿ ಹಾಕಿದ್ದರು. ತಿಂಗಳುಗಟ್ಟಲೆ ಸತಾಯಿಸಿ ಕೊಟ್ಟ ಉತ್ತರದಲ್ಲಿ, ಇಪ್ಪತ್ತಮೂರು ಮಕ್ಕಳಲ್ಲಿ ಭಾಷೆಯ ಪರೀಕ್ಷೆಯ ದಾಖಲೆ ಇದ್ದದ್ದು ಆರು ಮಕ್ಕಳಿಗೆ ಮಾತ್ರ. ಒಂಬತ್ತು ಮಕ್ಕಳು ಲಂಡನ್ನಿನಲ್ಲೇ ಹುಟ್ಟಿದವರು. ಇದನ್ನು ಹಿಡಿದುಕೊಂಡು ಅವರು ಮೀರಾರನ್ನೂ ಇನ್ನೂ ಏಳು ತಾಯಂದಿರನ್ನೂ ಉಚಿತ ಕಾನೂನು ಸಹಾಯ ಕೊಡುವ ಕೇಂದ್ರವೊಂದಕ್ಕೆ ಕರೆದುಕೊಂಡು ಹೋದರು. ಅಲ್ಲಿನ ವಕೀಲೆ ಕಾಗದಗಳನ್ನು ಓದಿ, ಸಮಾನತೆಯ ಕಾಯ್ದೆಯ ಕೆಳಗೆ ಕೋರ್ಟಿಗೆ ಹೋಗುವಷ್ಟು ಬಲವಿದೆ ಎಂದರು. ಶಾಲೆ ನಡೆಸುವ ಟ್ರಸ್ಟಿಗೆ ನೋಟಿಸು ಹೋಯಿತು. ಟ್ರಸ್ಟು ಗಾಬರಿಯಾಗಿ ನವೆಂಬರಿನಲ್ಲಿ ವಿಚಾರಣೆಗೆ ಕರೆಯಿತು.

ವಿಚಾರಣೆಗೆ ಮೀರಾರ ಜೊತೆಗಾರಳಾಗಿ ವೇದವತಿ, ಸಾಕ್ಷಿಯಾಗಿ ನಾನು. ಟ್ರಸ್ಟಿನ ಮೂವರು ಮೇಜಿನ ಆಚೆ. ಒಂದು ಬದಿಗೆ ಹೆಡ್‌ಟೀಚರ್, ಮಧುಸೂದನ್. ಇದು ಮಕ್ಕಳ ಮೇಲಿನ ಕಾಳಜಿ ಎಂದು ಹೆಡ್‌ಟೀಚರ್ ಹತ್ತು ನಿಮಿಷ ಹೇಳಿದರು. ಎಲ್ಲ ಕೇಳಿಸಿಕೊಂಡು ವೇದವತಿ ಅಷ್ಟೇ ಶಾಂತವಾಗಿ ಇಂಗ್ಲಿಷಿನಲ್ಲಿ ಕೇಳಿದರು: "ಪ್ರಾಚಿಯ ಭಾಷೆಯನ್ನು ಪರೀಕ್ಷೆ ಮಾಡಿದ್ದು ಯಾವ ತಾರೀಖು?"

ಹೆಡ್‌ಟೀಚರ್ ಕಡತ ತಿರುವಿದರು. ತಾರೀಖು ಇರಲಿಲ್ಲ.

"ಸೃಷ್ಟಿಯದ್ದು?"

ಅದೂ ಇರಲಿಲ್ಲ. ಆಗ ನಾನು ಎದ್ದು, ಮಧುಸೂದನ್ ಬರೆದದ್ದನ್ನೂ ನಾನು ಬರೆದದ್ದನ್ನೂ ಅನುವಾದ ಮಾಡಿ ಓದಿದೆ. ಮಧುಸೂದನ್ ಕನ್ನಡದಲ್ಲೇ, ತಗ್ಗಿದ ದನಿಯಲ್ಲಿ, "ಸಿರಿಶಾ, ನಿಮ್ಮ ಮಗಳಿಗೇ ಅಲ್ವಾ ನಾನು ಸಹಾಯ ಮಾಡಿದ್ದು?" ಎಂದರು. ಅವರ ಮುಖದಲ್ಲಿ ನಿಜವಾದ ನೋವಿತ್ತು. ತಾನು ಮಾಡಿದ್ದು ಉಪಕಾರವೆಂದೇ ಆ ಮನುಷ್ಯ ನಂಬಿದ್ದರು. ನನಗೆ ಇವತ್ತಿಗೂ ಮೈ ಉರಿಯುವುದು ಅದಕ್ಕೇ.

ಮೂರು ವಾರಕ್ಕೆ ಟ್ರಸ್ಟಿನ ಪತ್ರ ಬಂತು. 'ವೆಲ್‌ಕಮ್ ಕ್ಲಾಸ್' ತನ್ನ ಉದ್ದೇಶವನ್ನು ಯಶಸ್ವಿಯಾಗಿ ಪೂರೈಸಿರುವುದರಿಂದ ಜನವರಿಯಿಂದ ಮುಂದುವರಿಯುವುದಿಲ್ಲ. ಅಷ್ಟೇ. ತಪ್ಪಾಯಿತು ಎಂಬ ಒಂದು ಪದ ಇಡೀ ಪತ್ರದಲ್ಲಿ ಇಲ್ಲ. ಹೆಡ್‌ಟೀಚರಿಗೆ ಅದೇ ಟ್ರಸ್ಟಿನಲ್ಲಿ ಮೇಲಿನ ಹುದ್ದೆ ಸಿಕ್ಕಿತು. ಮಧುಸೂದನ್ ಅವಧಿ ಮುಗಿಸಿ ಹೂಗುಚ್ಛ ತೆಗೆದುಕೊಂಡು ಹೋದರು. ವೇದವತಿಯವರಿಗೆ ಕೆಲಸ ವಾಪಸು ಸಿಗಲಿಲ್ಲ.

೨೦೨೪ರ ಜನವರಿಯ ಎರಡನೆಯ ಸೋಮವಾರ ಹಿಂದಿನ ಗೇಟಿಗೆ ಬೀಗ ಬಿತ್ತು, ಇಪ್ಪತ್ತಮೂರು ಮಕ್ಕಳೂ ಮುಂದಿನ ಗೇಟಿನಿಂದ ಒಳಗೆ ಹೋದರು. ನಾನು ಅಲ್ಲಿದ್ದೆ. ಸಂಭ್ರಮವೇನೂ ಇರಲಿಲ್ಲ. ಎರಡು ವರ್ಷ ಬಣ್ಣ ತುಂಬಿಸುತ್ತಾ ಕುಳಿತಿದ್ದ ಪ್ರಾಚಿಗೆ ಭಿನ್ನರಾಶಿ ಎಂದರೇನೆಂದು ಗೊತ್ತಿರಲಿಲ್ಲ. ತರಗತಿಯಲ್ಲಿ ಕೈ ಎತ್ತುವುದನ್ನೇ ನಿಲ್ಲಿಸಿದ್ದಳು. ವಾರಕ್ಕೆರಡು ಸಂಜೆ ವೇದವತಿ ತಮ್ಮ ಮನೆಯಲ್ಲಿ ಅವಳಿಗೆ ಪಾಠ ಹೇಳತೊಡಗಿದರು. ಸೃಷ್ಟಿಯೂ ಹೋಗುತ್ತಾಳೆ. ಇಬ್ಬರೂ ಗೆಳತಿಯರಾಗಿದ್ದಾರೆ ಎಂದು ಬರೆದು ಮುಗಿಸಿದರೆ ಚೆಂದ, ಆದರೆ ಪ್ರಾಚಿ ನನ್ನ ಮಗಳ ಜೊತೆ ಇನ್ನೂ ಹೆಚ್ಚು ಮಾತಾಡುವುದಿಲ್ಲ. ಏಕೆ ಮಾತಾಡಬೇಕು?

ಆ ವರ್ಷದ ನವೆಂಬರಿನಲ್ಲಿ ಕನ್ನಡ ಕೂಟದ ರಾಜ್ಯೋತ್ಸವ. ನಿರೂಪಕರು ಇದ್ದಕ್ಕಿದ್ದಂತೆ ವೇದವತಿಯವರ ಹೆಸರು ಕರೆದರು. ಪತ್ರಿಕೆಯೊಂದರಲ್ಲಿ ಸುದ್ದಿ ಬಂದಿತ್ತು, ಹಾಗಾಗಿ ಈಗ ಅವರು 'ನಮ್ಮ ಹೆಮ್ಮೆಯ ಕನ್ನಡತಿ'. ವೇದಿಕೆಯ ಮೇಲೆ ಶಾಲು, ಹಣ್ಣಿನ ಬುಟ್ಟಿ. ಹೊದಿಸಲು ಶಾಲು ಬಿಚ್ಚಿ ನಿಂತವರು ಮಧುಸೂದನ್.

ವೇದವತಿ ವೇದಿಕೆ ಹತ್ತಿದರು, ಶಾಲನ್ನು ಕೈಯಿಂದ ಸರಿಸಿ ಮೈಕು ತೆಗೆದುಕೊಂಡರು.

"ಇದು ನನಗ ಬ್ಯಾಡ್ರಿ. ಗೇಟಿನಾಗ ನಾ ನಿಂತಿದ್ದೆ ಖರೆ, ಆದ್ರ ಮಗಳನ್ನ ದಿನಾ ಆ ಗೇಟಿಗೆ ಬಿಟ್ಟು ಕೆಲಸಕ್ಕ ಹೋಗಿದ್ದು ಮೀರಾ. ಆಕಿ ಹಿಂದಿನ ಸಾಲಿನಾಗ ಕೂತಾಳ. ಮೀರಾ, ಬಾ ಇಲ್ಲೆ. ಇವರಿಗೆ ಏನು ಹೇಳಬೇಕು ಅಂತೀ, ಹೇಳು."

ಮೀರಾ ಬರಲೊಲ್ಲದೆ ಬಂದರು. ಮೈಕು ಹಿಡಿಯುವುದು ಹೇಗೆಂದು ತಿಳಿಯದೆ ಎರಡೂ ಕೈಯಲ್ಲಿ ಹಿಡಿದರು.

"ನಾ ಈ ಹಾಲ್‌ನಾಗ ಮೂರು ಸಲ ಬಂದು ಕುಂತೀನ್ರಿ. ನಿಮ್ಮ ಮಕ್ಕಳು ಹಾಡಿದಾಗ, ಕುಣದಾಗ ಚಪ್ಪಾಳಿ ಹೊಡದೀನಿ. ನನ್ನ ಪೋರಿನ ಬ್ಯಾರೆ ಕೂಡಿಸ್ಯಾರ ಅಂತ ನಿಮ್ಮಾಗ ಭಾಳ ಮಂದಿಗೆ ಗೊತ್ತಿತ್ತು. ಒಬ್ಬರರೆ ಬಂದು, ಯವ್ವಾ, ಇದು ಹ್ಯಾಂಗ ಅಂತ ಕೇಳಿದ್ರೇನು? ಊಟ ಆತೇನು ಅಂತ ಕೇಳಿದ್ರಿ. ಅದೊಂದೇ ಕೇಳಿದ್ರಿ."

ಅಷ್ಟು ಹೇಳಿ ಮೈಕು ವಾಪಸು ಕೊಟ್ಟರು. ಚಪ್ಪಾಳೆ ಬರಲಿಲ್ಲ. ಹಲವರು ಫೋನು ನೋಡಿಕೊಂಡರು. ನಾನೂ ಸೇರಿದಂತೆ ನಮ್ಮ ಸಾಲಿನಲ್ಲಿ ಯಾರೂ ತಲೆ ಎತ್ತಲಿಲ್ಲ.

ಕೆಳಗಿಳಿಯುವಾಗ ಮಧುಸೂದನ್ ಪಕ್ಕಕ್ಕೆ ಬಂದು, "ಮೇಡಂ, ಹಬ್ಬದ ದಿನ ವೇದಿಕೆ ಮೇಲೆ ಹೇಳೋ ವಿಷಯಾನಾ ಇದು?" ಎಂದರು.

"ಹಂಗಾದ್ರ ಎಲ್ಲಿ ಹೇಳಬೇಕು ಅನ್ನೋದನ್ನ ನೀವೇ ತಿಳಸ್ರಿ" ಎಂದರು ವೇದವತಿ. "ಶಾಲಿ ಒಳಗ ಹೇಳಿದೆ, ಕೆಲಸದಿಂದ ತೆಗದ್ರಿ. ಗೇಟಿನಾಗ ಹೇಳಿದೆ, ನನ್ನ ವಿರುದ್ಧ ಸಹಿ ಹಾಕಿಸಿದ್ರಿ. ಇಲ್ಲೂ ಬ್ಯಾಡ ಅಂದ್ರ ಜಾಗಾ ನೀವು ತೋರಸ್ರಿ, ಅಲ್ಲೇ ಬಂದು ಹೇಳ್ತೀವಿ."

ಮಧುಸೂದನ್ ಕೈಯಲ್ಲಿ ಶಾಲು ಹಾಗೆಯೇ ಇತ್ತು. ವೇದವತಿ ಮೀರಾರ ಭುಜದ ಮೇಲೆ ಕೈಯಿಟ್ಟು, ಊಟಕ್ಕೂ ನಿಲ್ಲದೆ, ಹಾಲ್ ದಾಟಿ ಹೊರಗೆ ನಡೆದರು.